ವಿದ್ಯುತ್ ಕಾರೋ ಪೆಟ್ರೋಲ್ ಕಾರೋ: ಕರ್ನಾಟಕದ ಕೊಳ್ಳುಗರಿಗೆ ಖರ್ಚು–ರಿಯಾಯಿತಿಗಳ ಹೋಲಿಕೆ

ವಿದ್ಯುತ್ ಕಾರು ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಸರ್ಕಾರದಿಂದ ಏನು ಸಿಗುತ್ತದೆ ಎಂಬುದನ್ನು. ಸಿಗುವುದು ಇದೆ, ಆದರೆ ಜನ ತಿಳಿದಿರುವುದಕ್ಕಿಂತ ಕಡಿಮೆ ಇದೆ, ಮತ್ತು ಅದು ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. ಲಾಭ–ನಷ್ಟವನ್ನು ನಿಜವಾಗಿ ತೀರ್ಮಾನಿಸುವ ಸಂಗತಿಗಳು ಎರಡೇ: ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ ಮತ್ತು ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ. ರಿಯಾಯಿತಿಗಳು ಈ ಲೆಕ್ಕವನ್ನು ಕೊಂಚ ಆಚೀಚೆ ಸರಿಸುತ್ತವೆಯೇ ಹೊರತು ತಲೆಕೆಳಗು ಮಾಡುವುದಿಲ್ಲ ಎಂಬುದು ಈ ಬರಹದ ನಿಲುವು. ಹೋಲಿಕೆಗೆ ತೆಗೆದುಕೊಂಡಿರುವುದು ಹತ್ತರಿಂದ ಹದಿನೈದು ಲಕ್ಷದ ನಡುವಿನ ಕಾರುಗಳನ್ನು, ಏಕೆಂದರೆ ಮಧ್ಯಮ ವರ್ಗದ ಕುಟುಂಬಗಳು ಹೆಚ್ಚಾಗಿ ತೂಗಿ ನೋಡುವುದು ಅಲ್ಲೇ. ದರಗಳು 2025ರ ಕೊನೆಯ ವೇಳೆಗೆ ಬೆಂಗಳೂರಿನಲ್ಲಿ ಇದ್ದಂಥವು. ಬೇರೆ ಊರಿನವರು ತಮ್ಮ ಊರಿನ ದರ ಹಾಕಿಕೊಂಡು ಇದೇ ಕ್ರಮದಲ್ಲಿ ಲೆಕ್ಕ ಮಾಡಬಹುದು.

ರಿಯಾಯಿತಿಗಳು: ಉಳಿದಿರುವುದು, ಮುಗಿದಿರುವುದು

ಮುಗಿದಿರುವುದರಿಂದಲೇ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅಂತರ್ಜಾಲದ ಹಳೆಯ ಪುಟಗಳಲ್ಲೂ ಕೆಲವು ಮಾರಾಟಗಾರರ ಬಾಯಲ್ಲೂ ಅವು ಇನ್ನೂ ಜೀವಂತವಾಗಿವೆ. ಆದಾಯ ತೆರಿಗೆ ಕಾಯ್ದೆಯ 80ಇಇಬಿ ಕಲಂ ಪ್ರಕಾರ ವಿದ್ಯುತ್ ವಾಹನದ ಸಾಲಕ್ಕೆ ಕಟ್ಟಿದ ಬಡ್ಡಿಯಲ್ಲಿ ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ ಆದಾಯದಿಂದ ಕಳೆಯಲು ಅವಕಾಶವಿತ್ತು. ಅದು 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರವರೆಗೆ ಮಂಜೂರಾದ ಸಾಲಗಳಿಗೆ ಮಾತ್ರ ಅನ್ವಯಿಸುತ್ತದೆ, ಅದೂ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ. ಈಗ ಹೊಸದಾಗಿ ಸಾಲ ಮಾಡುವವರಿಗೆ ಅದರಿಂದ ಒಂದು ರೂಪಾಯಿಯೂ ಇಲ್ಲ. ವಿದ್ಯುತ್ ವಾಹನಗಳಿಗೆ ಉತ್ತೇಜನ ಕೊಡಲು ಕೇಂದ್ರ ತಂದಿದ್ದ ಫೇಮ್ ಯೋಜನೆಯ ಸಹಾಯಧನದ ಕತೆ ಇನ್ನೂ ವಿಚಿತ್ರವಾದದ್ದು: 2019ರಿಂದ 2024ರ ಮಾರ್ಚ್‌ವರೆಗೆ ನಡೆದ ಅದರ ಎರಡನೆಯ ಹಂತದಲ್ಲಿ ನಾಲ್ಕು ಚಕ್ರದ ವಾಹನಗಳಿಗೆ ಹಣವಿದ್ದರೂ ಅದು ಬಾಡಿಗೆಗೆ ಓಡುವ ಕಾರುಗಳಿಗಷ್ಟೇ ಸೀಮಿತವಾಗಿತ್ತು. ಅದರ ನಂತರ 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಪಿಎಂ ಇ–ಡ್ರೈವ್ ಯೋಜನೆಯ 10,900 ಕೋಟಿ ರೂಪಾಯಿ ದ್ವಿಚಕ್ರ, ತ್ರಿಚಕ್ರ ವಾಹನಗಳು, ಬಸ್ಸು, ಲಾರಿ, ಆಂಬುಲೆನ್ಸ್ ಮತ್ತು ಚಾರ್ಜಿಂಗ್ ಕೇಂದ್ರಗಳಿಗೆ ಮೀಸಲಾಯಿತು. ಅಂದರೆ ಮನೆಬಳಕೆಗೆ ಕಾರು ಕೊಂಡ ಕುಟುಂಬದ ಕೈಗೆ ಕೇಂದ್ರದ ನೇರ ಸಹಾಯಧನ ಆ ಎರಡನೆಯ ಹಂತದಲ್ಲೂ ಬರಲಿಲ್ಲ, ಇಂದೂ ಬರುವುದಿಲ್ಲ.

2025ರ ಕೊನೆಯ ವೇಳೆಗೆ ಉಳಿದಿದ್ದ ದೊಡ್ಡ ರಿಯಾಯಿತಿಗಳು ಎರಡು, ಮತ್ತು ಎರಡೂ ತೆರಿಗೆಯ ರೂಪದಲ್ಲಿದ್ದವು. ಮೊದಲನೆಯದು ಜಿಎಸ್‌ಟಿ. 2019ರ ಆಗಸ್ಟ್‌ನಲ್ಲಿ ಶೇ 12ರಿಂದ ಶೇ 5ಕ್ಕೆ ಇಳಿದ ವಿದ್ಯುತ್ ಕಾರುಗಳ ತೆರಿಗೆ ಅಲ್ಲೇ ನಿಂತಿದೆ. ಬದಲಾದದ್ದು ಎದುರಾಳಿಯ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್‌ಗಿಂತ ಉದ್ದವಿರದ, 1,200 ಸಿಸಿ ಮೀರದ ಪೆಟ್ರೋಲ್ ಕಾರುಗಳ ಜಿಎಸ್‌ಟಿ, ಸೆಸ್ ಸೇರಿ ಶೇ 29ರಷ್ಟಿದ್ದದ್ದು ಶೇ 18ಕ್ಕೆ ಇಳಿಯಿತು. ವಿದ್ಯುತ್ ಕಾರಿನ ರಿಯಾಯಿತಿಯನ್ನು ಯಾರೂ ಮುಟ್ಟಲಿಲ್ಲ, ಆದರೂ ಆ ರಿಯಾಯಿತಿಯ ಬೆಲೆ ಅರ್ಧದಷ್ಟು ಕುಸಿಯಿತು. ಇದರ ಪರಿಣಾಮ ಎಷ್ಟೆಂದು ಮುಂದಿನ ಲೆಕ್ಕದಲ್ಲಿ ಕಾಣಿಸುತ್ತದೆ.

ಎರಡನೆಯದು ನೋಂದಣಿಯ ವೇಳೆ ಒಮ್ಮೆಗೇ ಕಟ್ಟುವ ರಾಜ್ಯದ ಜೀವಾವಧಿ ತೆರಿಗೆ, ಮತ್ತು ಕರ್ನಾಟಕದವರಿಗೆ ಮುಖ್ಯವಾದದ್ದು ಇದೇ. ದೇಶದಲ್ಲೇ ಅತಿ ಹೆಚ್ಚು ವಾಹನ ತೆರಿಗೆ ವಿಧಿಸುವ ರಾಜ್ಯಗಳ ಸಾಲಿನಲ್ಲಿ ನಾವು ಮುಂದಿದ್ದೇವೆ. ಐದರಿಂದ ಹತ್ತು ಲಕ್ಷದ ಪೆಟ್ರೋಲ್ ಕಾರಿಗೆ ಶೇ 14, ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಶೇ 17, ಅದಕ್ಕೂ ಮೇಲ್ಪಟ್ಟದ್ದಕ್ಕೆ ಶೇ 18. ಈ ತೆರಿಗೆಯ ಮೇಲೆ ಮತ್ತೆ ಸೆಸ್. ಸೆಸ್ ಸೇರಿದರೆ ಹತ್ತು ಲಕ್ಷ ದಾಟಿದ ಕಾರಿನ ತೆರಿಗೆ ಶೇ 18.87 ಆಗುತ್ತದೆ. ತೆರಿಗೆ ಇಷ್ಟು ಭಾರವಾಗಿರುವುದರಿಂದಲೇ ಅದರ ವಿನಾಯಿತಿಯೂ ಇಲ್ಲಿ ಬೇರೆಡೆಗಿಂತ ಹೆಚ್ಚು ಬೆಲೆಬಾಳುತ್ತದೆ. 2016ರಿಂದ ಕರ್ನಾಟಕ ವಿದ್ಯುತ್ ವಾಹನಗಳಿಗೆ ಪೂರ್ಣ ವಿನಾಯಿತಿ ಕೊಡುತ್ತ ಬಂದಿತ್ತು; 2024ರ ತಿದ್ದುಪಡಿ ಕಾಯ್ದೆಯು 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ಶೇ 10ರ ಜೀವಾವಧಿ ತೆರಿಗೆ ಹಾಕಿ ಆ ಬಾಗಿಲನ್ನು ಮೊದಲ ಬಾರಿಗೆ ಅರ್ಧ ಮುಚ್ಚಿತು. ನೆರೆಯ ಕೇರಳ 2025ರ ಏಪ್ರಿಲ್‌ನಿಂದ ಹದಿನೈದು ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ ಶೇ 8, ಇಪ್ಪತ್ತು ಲಕ್ಷ ಮೀರಿದವಕ್ಕೆ ಶೇ 10 ಎಂದು ಏರಿಸಿದ್ದು, ಅದಕ್ಕಿಂತ ಕಡಿಮೆ ಬೆಲೆಯವಕ್ಕೆ ಮೊದಲಿನ ಶೇ 5 ಉಳಿಸಿಕೊಂಡಿದೆ. ಕಾಸರಗೋಡಿನ ಕನ್ನಡಿಗರು ಈ ಕೋಷ್ಟಕವನ್ನೇ ನೋಡಬೇಕು. ಇಂಥ ವಿನಾಯಿತಿಯು ಬಜೆಟ್‌ನಿಂದ ಬಜೆಟ್‌ಗೆ ಬದಲಾಗುವಂಥದ್ದು. ಆದುದರಿಂದ ಬುಕಿಂಗ್ ಮಾಡುವ ದಿನ ಡೀಲರ್ ಕೊಡುವ ಕೊಟೇಶನ್‌ನಲ್ಲಿ ತೆರಿಗೆಯ ಸಾಲನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು. ಕಾರು ಕೈಗೆ ಬರಲು ತಿಂಗಳುಗಟ್ಟಲೆ ತಡವಾಗುವಂತಿದ್ದರೆ, ನೋಂದಣಿಯ ಹೊತ್ತಿಗೆ ಜಾರಿಯಲ್ಲಿರುವ ದರವೇ ಅನ್ವಯವಾಗುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಸಣ್ಣಪುಟ್ಟವು ಇನ್ನೂ ಕೆಲವಿವೆ. ನೋಂದಣಿ ಪ್ರಮಾಣಪತ್ರದ ಶುಲ್ಕವನ್ನು 2021ರಲ್ಲಿ ಕೇಂದ್ರ ಮನ್ನಾ ಮಾಡಿತು. ಅದು ಕೆಲವು ನೂರು ರೂಪಾಯಿಯ ಮಾತು. ಕೆಲವು ಬ್ಯಾಂಕುಗಳು ವಿದ್ಯುತ್ ಕಾರಿನ ಸಾಲಕ್ಕೆ ಬಡ್ಡಿಯನ್ನು ಕಾಲು ಪರ್ಸೆಂಟ್‌ಗಿಂತ ಸ್ವಲ್ಪ ಕಡಿಮೆ ಇಳಿಸುತ್ತವೆ, ಹತ್ತು ಲಕ್ಷದ ಐದು ವರ್ಷದ ಸಾಲದಲ್ಲಿ ಒಟ್ಟು ಐದಾರು ಸಾವಿರ ಉಳಿಯಬಹುದು. ಇನ್ನು ಥರ್ಡ್ ಪಾರ್ಟಿ ವಿಮೆಯಲ್ಲಿ ಶೇ 15ರ ರಿಯಾಯಿತಿ ಇದೆ ಎಂದು ಎಲ್ಲ ಕಡೆ ಬರೆದಿರುತ್ತಾರೆ. 2022ರ ಜೂನ್‌ನಿಂದ ಜಾರಿಗೆ ಬಂದ ದರಪಟ್ಟಿ ನೋಡಿದರೆ ತಮಾಷೆ ಗೊತ್ತಾಗುತ್ತದೆ. ಪೆಟ್ರೋಲ್ ಕಾರನ್ನು ಸಿಸಿ ಮೇಲೆ, ವಿದ್ಯುತ್ ಕಾರನ್ನು ಮೋಟಾರಿನ ಕಿಲೋವ್ಯಾಟ್ ಮೇಲೆ ವರ್ಗ ಮಾಡಿದ್ದಾರೆ. 1,000ದಿಂದ 1,500 ಸಿಸಿಯ ಪೆಟ್ರೋಲ್ ಕಾರಿಗೆ ವರ್ಷಕ್ಕೆ 3,416 ರೂಪಾಯಿ; 65 ಕಿಲೋವ್ಯಾಟ್ ಮೀರಿದ ವಿದ್ಯುತ್ ಕಾರಿಗೆ 6,712 ರೂಪಾಯಿ. ಇಂದು ಹೆಚ್ಚು ಮಾರಾಟವಾಗುವ ಸಾಧಾರಣ ಗಾತ್ರದ ವಿದ್ಯುತ್ ಕಾರುಗಳ ಮೋಟಾರ್ ನೂರು ಕಿಲೋವ್ಯಾಟ್‌ನ ಆಸುಪಾಸಿನದು. ಹಾಗಾಗಿ ರಿಯಾಯಿತಿ ಕಳೆದ ಮೇಲೂ ವಿದ್ಯುತ್ ಕಾರಿನವರು ಕಟ್ಟುವುದು ಪೆಟ್ರೋಲ್ ಕಾರಿನವರ ಹೆಚ್ಚೂಕಡಿಮೆ ಎರಡರಷ್ಟು.

ಸ್ವಂತ ವೃತ್ತಿ ಅಥವಾ ವ್ಯಾಪಾರದ ಹೆಸರಿನಲ್ಲಿ ಕಾರು ಕೊಳ್ಳುವ ವೈದ್ಯರು, ಗುತ್ತಿಗೆದಾರರು, ಅಂಗಡಿ ಮಾಲೀಕರಿಗೆ ಮಾತ್ರ ಇನ್ನೊಂದು ಗಟ್ಟಿ ಅನುಕೂಲವಿದೆ. ಆದಾಯ ತೆರಿಗೆಯಲ್ಲಿ ಸಾಮಾನ್ಯ ಕಾರಿನ ಸವಕಳಿ (ಕಾರು ಹಳತಾಗುವ ಲೆಕ್ಕದಲ್ಲಿ ಆದಾಯದಿಂದ ಕಳೆಯಬಹುದಾದ ಪಾಲು) ವರ್ಷಕ್ಕೆ ಶೇ 15 ಆದರೆ ವಿದ್ಯುತ್ ವಾಹನಕ್ಕೆ ಶೇ 40. ಅಂಥವರು ತಮ್ಮ ಲೆಕ್ಕಪರಿಶೋಧಕರ ಜೊತೆ ಕುಳಿತು ಬೇರೆಯದೇ ಲೆಕ್ಕ ಹಾಕಬೇಕು. ಸಂಬಳದಾರರಿಗೆ ಇದು ಅನ್ವಯಿಸುವುದಿಲ್ಲ.

ಕೊಳ್ಳುವ ದಿನದ ಲೆಕ್ಕ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸ್ವಯಂಚಾಲಿತ ಗೇರಿನ ಪುಟ್ಟ ಪೆಟ್ರೋಲ್ ಎಸ್‌ಯುವಿಯ ಎಕ್ಸ್ ಶೋರೂಂ ಬೆಲೆ 11 ಲಕ್ಷ, ಅದೇ ಗಾತ್ರದ, ಅದೇ ಅನುಕೂಲಗಳ ವಿದ್ಯುತ್ ಕಾರಿನದು 14 ಲಕ್ಷ. ಗೇರು ಬದಲಿಸುವ ಪೆಟ್ರೋಲ್ ಕಾರಿನೊಡನೆ ವಿದ್ಯುತ್ ಕಾರನ್ನು ಹೋಲಿಸುವುದು ಸರಿಯಲ್ಲ, ಏಕೆಂದರೆ ವಿದ್ಯುತ್ ಕಾರೆಲ್ಲವೂ ಕ್ಲಚ್ ಇಲ್ಲದವೇ. ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ 2.08 ಲಕ್ಷ, ಮೊದಲ ವಿಮೆ ಸುಮಾರು 48 ಸಾವಿರ, ರಸ್ತೆಗಿಳಿಯುವಾಗ 13.56 ಲಕ್ಷ. ವಿದ್ಯುತ್ ಕಾರಿಗೆ ತೆರಿಗೆ ವಿನಾಯಿತಿ ಇದ್ದರೆ ವಿಮೆ ಸೇರಿ 14.58 ಲಕ್ಷ. ಮೂರು ಲಕ್ಷವಿದ್ದ ಅಂತರ ಒಂದು ಲಕ್ಷಕ್ಕೆ ಬಂತು. ಮನೆಯಲ್ಲಿ ಪ್ರತ್ಯೇಕ ವೈರು, ಅರ್ಥಿಂಗ್, ಎಂಸಿಬಿ ಹಾಕಿಸಲು ಹದಿನೈದು–ಇಪ್ಪತ್ತು ಸಾವಿರ ಸೇರಿಸಿದರೆ 1.2 ಲಕ್ಷ.

ಇದೇ ಪೆಟ್ರೋಲ್ ಕಾರು 2025ರ ಸೆಪ್ಟೆಂಬರ್‌ಗೆ ಮುಂಚೆ, ಹಳೆಯ ಜಿಎಸ್‌ಟಿಯಲ್ಲಿ, 12 ಲಕ್ಷ ದಾಟುತ್ತಿತ್ತು. ಅದರ ಮೇಲಿನ ಜೀವಾವಧಿ ತೆರಿಗೆಯೂ ಸೇರಿ ಆನ್ ರೋಡ್ ಬೆಲೆ 14.75 ಲಕ್ಷದಷ್ಟಾಗಿ ಎರಡೂ ಕಾರುಗಳ ಬೆಲೆ ಹೆಚ್ಚುಕಡಿಮೆ ಒಂದೇ ಆಗಿರುತ್ತಿತ್ತು. ಅಂದು ವಿದ್ಯುತ್ ಕಾರು ಕೊಂಡವರ ಲೆಕ್ಕವನ್ನು ಇಂದು ಕೊಳ್ಳುವವರು ಕುರುಡಾಗಿ ನಂಬಬಾರದೆನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ. ಹಾಗೆಯೇ ರಾಜ್ಯ ಸರ್ಕಾರ ವಿದ್ಯುತ್ ಕಾರುಗಳಿಗೆ, ಮಾತಿಗೆ ಶೇ 8ರಷ್ಟು ತೆರಿಗೆ ಹಾಕಿತೆಂದುಕೊಂಡರೆ, 14 ಲಕ್ಷದ ಮೇಲೆ 1.12 ಲಕ್ಷ ಸೇರಿ ಅಂತರ 2.3 ಲಕ್ಷಕ್ಕೆ ಏರುತ್ತದೆ. ಈ ಎರಡು ಅಂಕಿಗಳನ್ನು, 1.2 ಲಕ್ಷ ಮತ್ತು 2.3 ಲಕ್ಷ, ಮುಂದೆ ಬಳಸಿಕೊಳ್ಳೋಣ.

ಓಡಿಸುವ ಖರ್ಚು: ಮನೆಯ ಮೀಟರ್

ಬೆಂಗಳೂರಿನ ದಟ್ಟಣೆಯಲ್ಲಿ ಸ್ವಯಂಚಾಲಿತ ಪೆಟ್ರೋಲ್ ಕಾರು ಲೀಟರಿಗೆ 12 ಕಿ.ಮೀ. ಕೊಟ್ಟರೆ ಅದು ಒಳ್ಳೆಯ ಕಾರು. ಲೀಟರಿಗೆ 103 ರೂಪಾಯಿಯಂತೆ ಕಿಲೋಮೀಟರಿಗೆ 8.60 ರೂಪಾಯಿ, ತಿಂಗಳಿಗೆ ಸಾವಿರ ಕಿ.ಮೀ.ಗೆ ಎಂಟೂವರೆ ಸಾವಿರ. ವಿದ್ಯುತ್ ಕಾರು ಅದೇ ದಾರಿಯಲ್ಲಿ ಬ್ಯಾಟರಿಯ ಒಂದು ಯೂನಿಟ್‌ಗೆ ಸುಮಾರು 7 ಕಿ.ಮೀ. ಓಡುತ್ತದೆ. ಚಾರ್ಜ್ ಆಗುವಾಗ ಶೇ 10ರಿಂದ 12ರಷ್ಟು ಶಾಖವಾಗಿ ಪೋಲಾಗುವುದರಿಂದ ಸಾವಿರ ಕಿ.ಮೀ.ಗೆ ಮೀಟರಿನಲ್ಲಿ 160 ಯೂನಿಟ್ ತಿರುಗುತ್ತದೆ. ಕಂಪನಿಗಳು ಜಾಹೀರಾತಿನಲ್ಲಿ ಹೇಳುವ ದೂರವನ್ನು ಆಧರಿಸಿ ಲೆಕ್ಕ ಹಾಕಿದವರಿಗೆ ಈ ಅಂಕಿ ಹೆಚ್ಚೆನಿಸಬಹುದು. ಆದರೆ ಬಿಲ್ ಬರುವುದು ಮೀಟರಿನ ಪ್ರಕಾರ.

2025–26ರಲ್ಲಿ ಗೃಹಬಳಕೆಯ ದರ ಯೂನಿಟ್‌ಗೆ 5.80 ರೂಪಾಯಿ, ಅದರ ಮೇಲೆ ಪಿಂಚಣಿ–ಗ್ರಾಚ್ಯುಯಿಟಿ ಸರ್ಚಾರ್ಜ್ 36 ಪೈಸೆ, ಜೊತೆಗೆ ಶೇ 9ರ ವಿದ್ಯುತ್ ತೆರಿಗೆ. ಒಟ್ಟು 6.70 ರೂಪಾಯಿ ಎನ್ನಬಹುದು. 160 ಯೂನಿಟ್‌ಗೆ ಸುಮಾರು 1,070 ರೂಪಾಯಿ. ಕಿಲೋಮೀಟರಿಗೆ ಒಂದು ರೂಪಾಯಿ ಚಿಲ್ಲರೆ. ಪೆಟ್ರೋಲಿಗೆ ಹೋಲಿಸಿದರೆ ಕಿಲೋಮೀಟರಿಗೆ ಏಳೂವರೆ ರೂಪಾಯಿ, ತಿಂಗಳಿಗೆ ಏಳೂವರೆ ಸಾವಿರ ಉಳಿತಾಯ. ವಿದ್ಯುತ್ ಕಾರಿನ ಪರವಾಗಿ ಹೇಳುವ ಮಾತೆಲ್ಲ ನಿಂತಿರುವುದು ಈ ಒಂದು ಅಂಕಿಯ ಮೇಲೆ, ಮತ್ತು ಆ ಅಂಕಿ ನಿಜ.

ಆದರೆ ಇಲ್ಲಿ ಕರ್ನಾಟಕಕ್ಕೇ ವಿಶಿಷ್ಟವಾದ ಒಂದು ತೊಡಕಿದೆ, ಅದರ ಪ್ರಸ್ತಾಪ ಎಲ್ಲಿಯೂ ಸಾಕಷ್ಟು ಆಗುವುದಿಲ್ಲ. ಗೃಹಜ್ಯೋತಿ ಯೋಜನೆಯಲ್ಲಿ ಸಾಮಾನ್ಯವಾಗಿ ಮನೆಗೆ ಹಿಂದಿನ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಯೂನಿಟ್ ಉಚಿತ; ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 120 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುತ್ತಿದ್ದ ಮನೆಯವರು ಅದೇ ಮೀಟರಿಗೆ ಕಾರು ಸಿಕ್ಕಿಸಿದರೆ ಬಳಕೆ 280ಕ್ಕೆ ಹೋಗುತ್ತದೆ. ಆಗ ಕಾರಿನ 160 ಯೂನಿಟ್‌ಗಷ್ಟೇ ಅಲ್ಲ, ಮನೆಯ 120 ಯೂನಿಟ್‌ಗೂ, ಮೂರು ಕಿಲೋವ್ಯಾಟ್ ಮಂಜೂರಾತಿಯ ನಿಗದಿತ ಶುಲ್ಕಕ್ಕೂ ಹಣ ತೆರಬೇಕು. ಬಿಲ್ 2,300 ರೂಪಾಯಿಯಾಗುತ್ತದೆ. ಕಾರಿನ ನಿಜವಾದ ವಿದ್ಯುತ್ ಖರ್ಚು ಕಿಲೋಮೀಟರಿಗೆ ಒಂದು ರೂಪಾಯಿಯಲ್ಲ, 2.30. ಆಗಲೂ ಪೆಟ್ರೋಲಿಗಿಂತ ಅಗ್ಗವೇ, ಆದರೆ ತಿಂಗಳಿಗೆ ಸಾವಿರದ ಇನ್ನೂರು ರೂಪಾಯಿ ಕೈಬಿಡುವುದು ಯಾಕೆ? ವಿದ್ಯುತ್ ವಾಹನಗಳ ಚಾರ್ಜಿಂಗ್‌ಗೆಂದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಪ್ರತ್ಯೇಕ ದರವರ್ಗವನ್ನೇ ಇಟ್ಟಿದೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಯಾವುದಿದ್ದರೂ ಉಪವಿಭಾಗದ ಕಚೇರಿಯಲ್ಲಿ ಕಾರಿಗೆ ಬೇರೆ ಸಂಪರ್ಕದ ಅಂದಾಜುಪಟ್ಟಿ ಕೇಳಬೇಕು. ಅದರ ಠೇವಣಿ, ಮೀಟರ್ ವೆಚ್ಚ, ನಿಗದಿತ ಶುಲ್ಕಗಳನ್ನು ಈ ಸಾವಿರದ ಇನ್ನೂರರ ಎದುರು ಇಟ್ಟು ನೋಡಿದರೆ ಉತ್ತರ ಸಿಗುತ್ತದೆ. ಈಗಾಗಲೇ ತಿಂಗಳಿಗೆ 200 ಯೂನಿಟ್ ದಾಟುತ್ತಿರುವ ಮನೆಯವರಿಗೆ ಈ ಚಿಂತೆ ಇಲ್ಲ.

ಎರಡನೆಯ ತೊಡಕು ಮಂಜೂರಾದ ಲೋಡ್, ಅಂದರೆ ಮನೆ ಒಮ್ಮೆಗೆ ಎಳೆಯಬಹುದಾದ ವಿದ್ಯುತ್ತಿನ ಮಿತಿ. ಕಾರಿನೊಡನೆ ಅಥವಾ ಹೆಚ್ಚುವರಿ ಹಣಕ್ಕೆ 7.2 ಕಿಲೋವ್ಯಾಟ್‌ನ ಗೋಡೆ ಚಾರ್ಜರ್ ಕೊಡುತ್ತಾರೆ. ಅದನ್ನು ಹಾಕಿಸಲು ಮೂರು ಕಿಲೋವ್ಯಾಟ್ ಇದ್ದ ಮನೆಯ ಲೋಡನ್ನು ಎಂಟಕ್ಕೆ ಏರಿಸಿದರೆ, ಕಿಲೋವ್ಯಾಟ್‌ಗೆ 145 ರೂಪಾಯಿಯಂತೆ ತಿಂಗಳಿಗೆ 725, ವರ್ಷಕ್ಕೆ 8,700 ರೂಪಾಯಿ ನಿಗದಿತ ಶುಲ್ಕ ಹೆಚ್ಚುತ್ತದೆ, ಕಾರು ಊರಲ್ಲಿಲ್ಲದ ತಿಂಗಳೂ ಬಿಡದೆ. 15 ಆಂಪ್ ಸಾಕೆಟ್‌ಗೆ ಸಿಕ್ಕಿಸುವ 3.3 ಕಿಲೋವ್ಯಾಟ್ ಚಾರ್ಜರ್ ರಾತ್ರಿ ಒಂಬತ್ತು ಗಂಟೆಯಲ್ಲಿ ಮೂವತ್ತು ಯೂನಿಟ್ ಎಳೆದು 180 ಕಿ.ಮೀ. ಓಡುವಷ್ಟು ತುಂಬುತ್ತದೆ. ದಿನಕ್ಕೆ ನಲವತ್ತು–ಐವತ್ತು ಕಿ.ಮೀ. ಓಡುವ ಕುಟುಂಬಕ್ಕೆ ಅದಕ್ಕಿಂತ ಹೆಚ್ಚು ಯಾತಕ್ಕೂ ಬೇಡ. ಒಂದೆರಡು ಕಿಲೋವ್ಯಾಟ್ ಏರಿಸಿ, ಗೀಸರ್ ಹಾಕುವ ಹೊತ್ತು ತಪ್ಪಿಸಿ ಚಾರ್ಜ್ ಮಾಡುವುದೇ ಲೇಸು.

ಸ್ವಂತ ತಾರಸಿ ಇರುವವರು ಕಾರಿಗಿಂತ ಮೊದಲು ಸೌರಫಲಕದ ಬಗ್ಗೆ ಯೋಚಿಸಬಹುದು. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನವಿದೆ, ಮತ್ತು ಅಂಥ ಘಟಕ ತಿಂಗಳಿಗೆ ಮುನ್ನೂರು ಯೂನಿಟ್‌ನ ಆಸುಪಾಸು ಉತ್ಪಾದಿಸುತ್ತದೆ. ಮನೆಯವರ ಕೈಗೆ ನೇರವಾಗಿ ಬರುವ ಕೇಂದ್ರದ ಹಣವೆಂದರೆ ಇದು. ಕಾರಿಗೆ ಸಿಗದ ಸಹಾಯಧನ ಕಾರಿನ ಮೇವಿಗೆ ಸಿಗುತ್ತದೆ ಎನ್ನಬಹುದು.

ಮನೆಯಲ್ಲಿ ಸಾಕೆಟ್ ಇಲ್ಲದವರು

ಬಾಡಿಗೆ ಮನೆಯಲ್ಲಿದ್ದು ಬೀದಿಯಲ್ಲಿ ಕಾರು ನಿಲ್ಲಿಸುವವರು, ಮತ್ತು ತಳಮಹಡಿಯಲ್ಲಿ ಜಾಗವಿದ್ದರೂ ಸಂಘದ ಒಪ್ಪಿಗೆ ಸಿಗದ ಅಪಾರ್ಟ್‌ಮೆಂಟ್ ನಿವಾಸಿಗಳು, ಈ ಲೆಕ್ಕದಲ್ಲಿ ಬೇರೆಯದೇ ಗುಂಪು. ಕೇಂದ್ರ ವಿದ್ಯುತ್ ಸಚಿವಾಲಯದ ಮಾರ್ಗಸೂಚಿಗಳು 2022ರಿಂದಲೇ ಮಾಲೀಕರು ತಮ್ಮ ಮನೆ ಅಥವಾ ಕಚೇರಿಯ ಈಗಿರುವ ಸಂಪರ್ಕದಿಂದಲೇ ಚಾರ್ಜ್ ಮಾಡಿಕೊಳ್ಳಬಹುದೆಂದು ಹೇಳುತ್ತವೆ. ಆದರೆ ಮಾರ್ಗಸೂಚಿ ಬೇರೆ, ಸಂಘದ ಸಭೆ ಬೇರೆ. ವೈರು ಯಾರ ಮೀಟರಿನಿಂದ, ಯಾವ ಗೋಡೆಯ ಮೇಲೆ, ಬೆಂಕಿ ಬಿದ್ದರೆ ಯಾರ ಹೊಣೆ ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಸಿಗುವ ಮುಂಚೆ ಕಾರಿಗೆ ಮುಂಗಡ ಕೊಡುವುದು ತರವಲ್ಲ.

ಸಾರ್ವಜನಿಕ ವೇಗದ ಚಾರ್ಜಿಂಗ್‌ನಲ್ಲಿ ಶೇ 18ರ ಜಿಎಸ್‌ಟಿ ಸೇರಿ ಯೂನಿಟ್‌ಗೆ 22 ರೂಪಾಯಿ ಎಂದು ಹಿಡಿಯೋಣ. ಜಾಗ ಮತ್ತು ಕಂಪನಿ ನೋಡಿ ಹೆಚ್ಚೂ ಇದೆ, ಕಡಿಮೆಯೂ ಇದೆ. ಸಾವಿರ ಕಿ.ಮೀ.ಗೆ ಸುಮಾರು 3,300 ರೂಪಾಯಿ. ಉಳಿತಾಯ ಏಳೂವರೆ ಸಾವಿರದಿಂದ ಐದು ಸಾವಿರದ ಮುನ್ನೂರಕ್ಕೆ ಇಳಿಯುತ್ತದೆ. ಹಣದ ಮಟ್ಟಿಗೆ ಇದು ಸೋಲಲ್ಲ. ಸೋಲುವುದು ಸಮಯ: ವಾರಕ್ಕೊಮ್ಮೆಯಾದರೂ ಮುಕ್ಕಾಲು ಗಂಟೆ ಚಾರ್ಜರ್ ಪಕ್ಕ ಕಾಯಬೇಕು, ಮುಂದೆ ಇನ್ನೊಂದು ಕಾರಿದ್ದರೆ ಅದರ ಎರಡರಷ್ಟು. ಕಚೇರಿಯ ಆವರಣದಲ್ಲಿ ನಿಧಾನಗತಿಯ ಚಾರ್ಜರ್ ಇದ್ದರೆ ಈ ಗುಂಪಿನವರ ಪಾಡು ಪೂರ್ತಿ ಬದಲಾಗುತ್ತದೆ, ಮನೆಯ ಸಾಕೆಟ್‌ಗೆ ಅದು ಹೆಚ್ಚುಕಡಿಮೆ ಸಮ.

ಹೆದ್ದಾರಿ

ದೂರ ಓಡಿಸುವವರಿಗೆ ವಿದ್ಯುತ್ ಕಾರು ಹೆಚ್ಚು ಲಾಭ ಎಂಬ ಮಾತಿದೆ. ಅರ್ಧ ಸತ್ಯ. ಉಳಿತಾಯ ಹುಟ್ಟುವುದು ಪೆಟ್ರೋಲ್ ಕಾರು ಕೆಟ್ಟದಾಗಿ ನಡೆದುಕೊಳ್ಳುವ ಊರಿನ ದಟ್ಟಣೆಯಲ್ಲಿ. ಹೆದ್ದಾರಿಯಲ್ಲಿ ಅದೇ ಪೆಟ್ರೋಲ್ ಕಾರು ಲೀಟರಿಗೆ 16 ಕಿ.ಮೀ. ಕೊಡುತ್ತದೆ, ಕಿಲೋಮೀಟರಿಗೆ 6.40 ರೂಪಾಯಿ. ವಿದ್ಯುತ್ ಕಾರು ತಾಸಿಗೆ ನೂರು ಕಿ.ಮೀ. ವೇಗದಲ್ಲಿ ಗಾಳಿಯ ತಡೆಗೆ ಹೆಚ್ಚು ಶಕ್ತಿ ವ್ಯಯಿಸಿ ಯೂನಿಟ್‌ಗೆ ಆರಕ್ಕೆ ಇಳಿಯುತ್ತದೆ, ದಾರಿಯಲ್ಲಿ ತುಂಬಿಸುವುದು 22 ರೂಪಾಯಿಯಂತೆ, ಕಿಲೋಮೀಟರಿಗೆ 3.70. ಉಳಿಯುವುದು 2.70, ಊರೊಳಗಿನ ಏಳೂವರೆಯ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು. ಹೀಗಾಗಿ ವೈಟ್‌ಫೀಲ್ಡ್‌ಗೆ ದಿನವೂ ಹೋಗಿಬರುವವರು ತಿಂಗಳಿಗೆ ಎರಡು ಸಲ ಹುಬ್ಬಳ್ಳಿಗೆ ಹೋಗಿಬರುವವರಿಗಿಂತ ಹೆಚ್ಚು ಉಳಿಸುತ್ತಾರೆ.

ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶಕ್ಕೇ ಮೊದಲು, 2024ರ ಕೊನೆಗೆ 5,700ಕ್ಕೂ ಹೆಚ್ಚು. ಅವುಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇವೆ ಎಂಬುದನ್ನು ಆ ಹೆಮ್ಮೆಯ ಅಂಕಿಯ ಜೊತೆಗೇ ಓದಬೇಕು. ಬೆಂಗಳೂರು–ಮೈಸೂರು ಹೋಗಿಬರುವುದು ಇಂದು ಸಮಸ್ಯೆಯೇ ಅಲ್ಲ. ಮಂಗಳೂರಿಗೆ ಶಿರಾಡಿ ಘಾಟಿಯಲ್ಲಿ ಇಳಿಯುವಾಗ ಬ್ಯಾಟರಿಗೆ ಒಂದಿಷ್ಟು ಮರಳಿ ತುಂಬುತ್ತದೆ, ಹತ್ತುವಾಗ ಅದಕ್ಕಿಂತ ಹೆಚ್ಚು ಕಳೆಯುತ್ತದೆ. ಕಲಬುರಗಿ, ರಾಯಚೂರು ಕಡೆಯವರು ತಾವು ನಿಜವಾಗಿ ಓಡಾಡುವ ದಾರಿಯಲ್ಲಿ ಒಂದಲ್ಲ, ಎರಡು ಕೇಂದ್ರಗಳಿವೆಯೇ ಎಂದು ನೋಡಿಕೊಳ್ಳಬೇಕು, ಏಕೆಂದರೆ ಒಂದೇ ಕೇಂದ್ರವಿದ್ದು ಅದು ಕೆಟ್ಟುನಿಂತರೆ ಇಲ್ಲದಂತೆಯೇ ಲೆಕ್ಕ.

ಸರ್ವಿಸ್, ವಿಮೆ

ಇವುಗಳ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಎಂಜಿನ್ ಆಯಿಲ್, ಫಿಲ್ಟರ್, ಕ್ಲಚ್ ಇಲ್ಲ, ಬ್ರೇಕ್ ಪ್ಯಾಡ್ ತಡವಾಗಿ ಸವೆಯುತ್ತದೆ. ವರ್ಷಕ್ಕೆ ನಾಲ್ಕೈದು ಸಾವಿರ ಉಳಿಯುತ್ತದೆ. ಕಾರಿನ ತೂಕ ಹೆಚ್ಚಿರುವುದರಿಂದ ಟಯರ್ ಬೇಗ ಸವೆಯುತ್ತದೆ, ಬೆಲೆ ಹೆಚ್ಚಿರುವುದರಿಂದ ವಿಮೆಯೂ ಹೆಚ್ಚು. ಒಂದು ಇನ್ನೊಂದಕ್ಕೆ ವಜಾ ಆಗಿಹೋಗುತ್ತದೆ. ಮಳೆ ಬಂದರೆ ತಳಮಹಡಿಗೆ ನೀರು ನುಗ್ಗುವ ಬಡಾವಣೆಯವರು ಮಾತ್ರ ಬ್ಯಾಟರಿಗೆ ನೀರಿನಿಂದ ಆಗುವ ಹಾನಿಯನ್ನು ತುಂಬಿಕೊಡುವ ಹೆಚ್ಚುವರಿ ರಕ್ಷಣೆ ಪಾಲಿಸಿಯಲ್ಲಿದೆಯೇ ಎಂದು ಓದಿ ನೋಡಬೇಕು.

ಮಾರುವ ದಿನದ ಲೆಕ್ಕ

ಎಲ್ಲರೂ ಮರೆಯುವ ದೊಡ್ಡ ಖರ್ಚು ಇದು. ಹಳೆಯ ವಿದ್ಯುತ್ ಕಾರಿಗೆ ಬೆಲೆ ಕಟ್ಟುವವರು ಮೂರು ವಿಷಯಕ್ಕೆ ಹೆದರುತ್ತಾರೆ: ಬ್ಯಾಟರಿ ಎಷ್ಟು ಸವೆದಿದೆಯೋ, ಖಾತರಿ ಎಷ್ಟು ವರ್ಷ ಉಳಿದಿದೆಯೋ, ಹೊಸ ಮಾದರಿ ಇದಕ್ಕಿಂತ ಕಡಿಮೆ ಬೆಲೆಗೆ ಹೆಚ್ಚು ದೂರ ಓಡುತ್ತದೆಯೋ. ಮೂರನೆಯದು ಪದೇ ಪದೇ ನಿಜವಾಗಿದೆ. ಆದ್ದರಿಂದ ಆರು ವರ್ಷದ ನಂತರ ಮಾರುವಾಗ ಪೆಟ್ರೋಲ್ ಕಾರಿಗಿಂತ ಒಂದೂವರೆ ಲಕ್ಷ ಹೆಚ್ಚು ನಷ್ಟವಾಗುತ್ತದೆಂದು ಎಚ್ಚರಿಕೆಯ ಅಂದಾಜು ಇಟ್ಟುಕೊಳ್ಳುವುದು ಸರಿ. ನಿಮಗೆ ಅದು ಹೆಚ್ಚೆನಿಸಿದರೆ ಒಂದು ಲಕ್ಷ ಹಾಕಿಕೊಳ್ಳಿ, ಸೊನ್ನೆ ಮಾತ್ರ ಹಾಕಬೇಡಿ.

ಈಗ ಎಲ್ಲವನ್ನೂ ಕೂಡಿಸೋಣ. ತೆರಿಗೆ ವಿನಾಯಿತಿ ಇದ್ದಾಗ ಆರಂಭದ ಅಂತರ 1.2 ಲಕ್ಷ, ಮಾರಾಟದ ನಷ್ಟ 1.5 ಲಕ್ಷ; ಒಟ್ಟು 2.7 ಲಕ್ಷ. ಮನೆಯಲ್ಲಿ ಚಾರ್ಜ್ ಮಾಡಿ ಊರೊಳಗೆ ಓಡಿಸುವವರಿಗೆ ಕಿಲೋಮೀಟರಿಗೆ ಏಳೂವರೆಯಂತೆ ಇದು ತೀರಲು 36,000 ಕಿ.ಮೀ. ಬೇಕು, ಆರು ವರ್ಷಕ್ಕೆ ಹಂಚಿದರೆ ತಿಂಗಳಿಗೆ 500. ಶೇ 8ರ ತೆರಿಗೆ ಬಂದರೆ ಗೆರೆ 700ಕ್ಕೆ ಏರುತ್ತದೆ. ಸಾರ್ವಜನಿಕ ಚಾರ್ಜಿಂಗ್ ನಂಬಿದವರಿಗೆ ವೈರಿಂಗ್ ಖರ್ಚು ಉಳಿದರೂ, ವಿನಾಯಿತಿ ಇದ್ದಾಗ ಸುಮಾರು 660, ತೆರಿಗೆ ಸೇರಿದರೆ 950ಕ್ಕೂ ಹೆಚ್ಚು. ಮನೆಯಲ್ಲಿ ಸಾಕೆಟ್ ಇದ್ದು ತಿಂಗಳಿಗೆ ಸಾವಿರ ಕಿ.ಮೀ. ದಾಟುವವರು ಯಾವ ರಿಯಾಯಿತಿಯನ್ನೂ ಕಾಯಬೇಕಾಗಿಲ್ಲ. ವಾರಾಂತ್ಯಕ್ಕೆ ಮಾತ್ರ ಕಾರು ತೆಗೆಯುವವರು ಯಾವ ರಿಯಾಯಿತಿಗೂ ಮರುಳಾಗಬೇಕಾಗಿಲ್ಲ. ಅವರಿಗೆ ಪೆಟ್ರೋಲ್ ಕಾರೇ ಅಗ್ಗ. ಮಾಲಿನ್ಯ, ಸದ್ದು, ಓಡಿಸುವ ಸುಖ ಇವುಗಳಿಗೆ ಬೆಲೆ ಕಟ್ಟುವವರು ಬೇರೆ ತೀರ್ಮಾನಕ್ಕೆ ಬರಬಹುದು, ಅದು ನ್ಯಾಯವೂ ಹೌದು, ಆದರೆ ಅದನ್ನು ಉಳಿತಾಯವೆಂದು ಕರೆಯಬಾರದು.

ಬ್ಯಾಟರಿ ಬಾಡಿಗೆ, ಸಿಎನ್‌ಜಿ, ಹೈಬ್ರಿಡ್

ಆರಂಭದ ಬೆಲೆ ತಗ್ಗಿಸಲು ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಪದ್ಧತಿ ಬಂದಿದೆ. 2024ರ ಸೆಪ್ಟೆಂಬರ್‌ನಲ್ಲಿ ಎಂಜಿ ವಿಂಡ್ಸರ್ ಎಂಬ ವಿದ್ಯುತ್ ಕಾರು ಬಿಡುಗಡೆಯಾದಾಗ ಬ್ಯಾಟರಿ ಸಹಿತ 13.50 ಲಕ್ಷ, ಬಾಡಿಗೆ ಪದ್ಧತಿಯಲ್ಲಿ 9.99 ಲಕ್ಷ ಮತ್ತು ಕಿಲೋಮೀಟರಿಗೆ 3.50 ರೂಪಾಯಿ ಎಂದಿತ್ತು. ಮೂರೂವರೆ ಲಕ್ಷದ ವ್ಯತ್ಯಾಸ ಒಂದು ಲಕ್ಷ ಕಿ.ಮೀ.ಗೆ ತೀರುತ್ತದೆ. ಕಡಿಮೆ ಓಡಿಸುವವರಿಗೆ ಇದು ಹೇಳಿಮಾಡಿಸಿದಂತಿದೆ ಎನಿಸಬಹುದು; ಆದರೆ ಇಂಥ ಒಪ್ಪಂದಗಳಲ್ಲಿ ತಿಂಗಳಿಗೆ ಇಷ್ಟು ಕಿಲೋಮೀಟರಿನ ಹಣ ಕಟ್ಟಲೇಬೇಕೆಂಬ ಕನಿಷ್ಠ ಮಿತಿ ಇರುವುದರಿಂದ, ಯಾರಿಗೆ ಅನುಕೂಲವಾಗಬೇಕಿತ್ತೋ ಅವರಿಗೇ ಅದು ಆಗುವುದಿಲ್ಲ. ಆ ಮಿತಿಯನ್ನೂ ಕಾರು ಮಾರುವಾಗ ಒಪ್ಪಂದ ಏನಾಗುತ್ತದೆಂಬುದನ್ನೂ ಓದದೆ ಸಹಿ ಹಾಕಬಾರದು.

ಸಿಎನ್‌ಜಿ ಕಾರು, ಕೆ.ಜಿ.ಗೆ 90 ರೂಪಾಯಿ, ಇಪ್ಪತ್ತು ಕಿ.ಮೀ. ಎಂದು ಹಿಡಿದರೆ, ಕಿಲೋಮೀಟರಿಗೆ ನಾಲ್ಕೂವರೆ ರೂಪಾಯಿಯಲ್ಲಿ ಓಡುತ್ತದೆ. ಸಾಕೆಟ್ ಇಲ್ಲದವರಿಗೆ, ಬಜೆಟ್ ಹತ್ತು ಲಕ್ಷದೊಳಗಿದ್ದರೆ, ಮನೆ ಹತ್ತಿರ ಬಂಕ್ ಇದ್ದರೆ, ಇದೇ ನಿಜವಾದ ಎದುರಾಳಿ. ಪೆಟ್ರೋಲ್ ಎಂಜಿನ್ ಜೊತೆಗೆ ಪುಟ್ಟ ಬ್ಯಾಟರಿ, ಮೋಟಾರೂ ಇರುವ ಹೈಬ್ರಿಡ್ ಕಾರುಗಳು ಊರೊಳಗೆ ಲೀಟರಿಗೆ ಇಪ್ಪತ್ತರ ಸುತ್ತ ಕೊಟ್ಟರೂ ಬೆಲೆ ಮೇಲಿನ ವರ್ಗದ್ದು, ಜೀವಾವಧಿ ತೆರಿಗೆಯೂ ಪೂರ್ತಿ; ಉತ್ತರ ಕರ್ನಾಟಕಕ್ಕೆ ಆಗಾಗ ಓಡಾಡುವ ದೊಡ್ಡ ಕುಟುಂಬಕ್ಕೆ ಮಾತ್ರ ಅವು ಹೊಂದುತ್ತವೆ.

ಕೊನೆಯದಾಗಿ, ಮೊದಲ ಮಾಲೀಕರಿಗೆ ಆದ ನಷ್ಟ ಎರಡನೆಯವರ ಲಾಭ. ತಿಂಗಳಿಗೆ ಐನೂರು ಕಿ.ಮೀ. ಓಡಿಸುವ, ಮನೆಯಲ್ಲಿ ಸಾಕೆಟ್ ಇರುವ ಕುಟುಂಬಕ್ಕೆ ಹೊಸದಕ್ಕಿಂತ ಎರಡು–ಮೂರು ವರ್ಷದ ಹಳೆಯ ವಿದ್ಯುತ್ ಕಾರು ಹೆಚ್ಚು ಒಪ್ಪುತ್ತದೆ. ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ಖಾತರಿ ಇರುವ ಕಾರುಗಳಲ್ಲಿ ಇನ್ನೂ ಐದು ವರ್ಷ ಉಳಿದಿರುತ್ತದೆ. ಈಚೆಗೆ ಕೆಲವು ಕಂಪನಿಗಳು ಪ್ರಚಾರ ಮಾಡುತ್ತಿರುವ ಜೀವಾವಧಿ ಖಾತರಿ ಮಾತ್ರ ಮೊದಲ ಮಾಲೀಕರಿಗಷ್ಟೇ. ಹೆಸರು ವರ್ಗಾವಣೆಯಾದೊಡನೆ ಅದು ವರ್ಷ ಮತ್ತು ಕಿಲೋಮೀಟರಿನ ಮಿತಿಗೆ ಒಳಪಡುತ್ತದೆ. ಕಂಪನಿಯ ಸರ್ವಿಸ್ ಕೇಂದ್ರದಿಂದ ಬ್ಯಾಟರಿಯ ಆರೋಗ್ಯದ ವರದಿಯನ್ನು ಮಾರುವವರ ಖರ್ಚಿನಲ್ಲೇ ಬರೆಸಿಕೊಂಡು, ನಂತರವಷ್ಟೇ ಬೆಲೆಯ ಮಾತಿಗೆ ಕೂರಬೇಕು.